ಖಾಲಿ ಟೇಬಲ್‌ನಿಂದ ಬಂದ ಆರ್ಡರ್

ಟೇಬಲ್‌ನ ಕೋಡನ್ನು ಗಿರಾಕಿ ತನ್ನ ಫೋನಿನಲ್ಲಿ ಸ್ಕ್ಯಾನ್ ಮಾಡಿ ತಾನೇ ಆರ್ಡರ್ ಹಾಕುವ ಕ್ಯೂಆರ್ ಆರ್ಡರ್ ನಮ್ಮ ಹೋಟೆಲ್‌ನಲ್ಲಿ ಶುರು ಮಾಡಿದ ಹೊಸದರಲ್ಲಿ ನನ್ನ ತಲೆಯೆಲ್ಲ ಕೋಡ್‌ನ ಸ್ಟಿಕ್ಕರ್ ಮೇಲೇ ಇತ್ತು. ಮೊದಲ ಸಲ ಹೊಳೆಯುವ ಲ್ಯಾಮಿನೇಷನ್ ಹಾಕಿಸಿದ್ದೆ. ದೀಪದ ಬೆಳಕು ಬಿದ್ದರೆ ಫೋನಿಗೆ ಏನೂ ಕಾಣುತ್ತಿರಲಿಲ್ಲ. ಕೋಡ್‌ನೊಳಗಿನ ಲಿಂಕ್ ಉದ್ದವಿದ್ದದ್ದರಿಂದ ಅದರ ಚೌಕಗಳೂ ಒತ್ತೊತ್ತಾಗಿ ಬಂದಿದ್ದವು. ಎರಡನೇ ಸಲ ಲಿಂಕ್ ಚಿಕ್ಕದು ಮಾಡಿ, ಮ್ಯಾಟ್ ಹಾಳೆಯಲ್ಲಿ, ಸುತ್ತ ನಾಲ್ಕು ಚೌಕದಷ್ಟು ಬಿಳಿ ಅಂಚು ಬಿಟ್ಟು ಮಾಡಿಸಿದೆ. ಕೋಡ್ ಮಾಡುವಾಗ ದೋಷ ತಿದ್ದುವ ಮಟ್ಟವನ್ನು ‘ಎಚ್’, ಅಂದರೆ ಎಲ್ಲಕ್ಕಿಂತ ಹೆಚ್ಚಿನದಕ್ಕೆ ಇಟ್ಟರೆ ಸುಮಾರು 30% ಭಾಗ ಕೆಟ್ಟರೂ ಕೋಡ್ ಓದಿಸಿಕೊಳ್ಳುತ್ತದೆ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯವರು ಕ್ಯೂಆರ್ ಕೋಡ್ ಮಾಡಿದ್ದು ವಾಹನದ ಬಿಡಿಭಾಗಗಳ ಲೆಕ್ಕಕ್ಕೆ. ಕಾರ್ಖಾನೆಯ ಕೊಳೆ ತಾಳಿದ್ದು ನಮ್ಮ ಒದ್ದೆ ಬಟ್ಟೆಯನ್ನೂ ತಾಳಿತು.

ಸ್ಕ್ಯಾನ್ ಸರಿಹೋಯಿತು ಎಂದುಕೊಂಡ ವಾರವೇ, ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಏಳನೇ ಟೇಬಲ್‌ನಿಂದ ಆರ್ಡರ್ ಬಂತು. ಅಲ್ಲಿ ಯಾರೂ ಇರಲಿಲ್ಲ. ಅಡುಗೆಯವರು ಅಷ್ಟರಲ್ಲಿ ಮಾಡಿಯೂ ಬಿಟ್ಟಿದ್ದರು. ಹಿಂದೆ ಅಲ್ಲಿ ಕೂತಿದ್ದ ಯಾರದೋ ಫೋನಿನಲ್ಲಿ ಆ ಪುಟ ತೆರೆದೇ ಉಳಿದಿತ್ತು. ತಪ್ಪು ಅವರದಲ್ಲ, ನನ್ನದು: ಲಿಂಕ್‌ನಲ್ಲಿ ಬರೀ ಟೇಬಲ್ ನಂಬರ್ ಇಟ್ಟಿದ್ದೆ. ನಂಬರ್ ಗೊತ್ತಿದ್ದವರು ಎಲ್ಲಿಂದ ಬೇಕಾದರೂ ಆರ್ಡರ್ ಹಾಕಬಹುದಿತ್ತು.

ಈಗ ಗಿರಾಕಿ ಕೂತ ಮೇಲೆ ಸಪ್ಲೈಯರ್ ತನ್ನ ಫೋನಿನಲ್ಲಿ ಆ ಟೇಬಲ್ ತೆರೆಯುತ್ತಾನೆ. ಬಿಲ್ ಮುಗಿದ ಕೂಡಲೇ ಅದು ಮುಚ್ಚುತ್ತದೆ. ಹಳೆಯ ಪುಟದಲ್ಲಿ ಮೆನು ನೋಡಬಹುದು, ಆರ್ಡರ್ ಹೋಗುವುದಿಲ್ಲ. ಮೊದಲ ಆರ್ಡರನ್ನು ಸಪ್ಲೈಯರ್ ಒಪ್ಪಿದರೆ ಮಾತ್ರ ಅಡುಗೆಮನೆಯಲ್ಲಿ ಚೀಟಿ ಬರುತ್ತದೆ. ನಿಧಾನವಾಗುತ್ತದೆ ಎಂದು ಹೆದರಿದ್ದೆ, ಆಗಲಿಲ್ಲ. ಹೇಗೂ ನೀರು ಇಡಲು ಅವನು ಹೋಗಲೇಬೇಕು.

ಇನ್ನೊಂದು ಎಡವಟ್ಟು ಟೇಬಲ್ ಸರಿಸುವುದರಿಂದ. ದೊಡ್ಡ ಗುಂಪು ಬಂದರೆ ಎರಡು ಟೇಬಲ್ ಜೋಡಿಸುತ್ತೇವೆ. ಗುಡಿಸಿ ಒರೆಸಿದ ಮೇಲೆ ಅವು ಅದಲುಬದಲಾಗಿ ನಿಲ್ಲುತ್ತವೆ. ಐದರ ತಟ್ಟೆ ಒಂಬತ್ತಕ್ಕೆ ಹೋಗಿ, ಹಸಿದವರು ಕಾದು ಕೂತದ್ದನ್ನು ನೋಡಿ ನನಗೆ ನಾಚಿಕೆಯಾಯಿತು. ನಂಬರ್ ಇರಬೇಕಾದದ್ದು ಟೇಬಲ್‌ನ ಮರಕ್ಕಲ್ಲ, ಅದು ನಿಲ್ಲುವ ಜಾಗಕ್ಕೆ. ಕೋಡ್‌ಗಳನ್ನೆಲ್ಲ ಪಕ್ಕದ ಗೋಡೆಗೆ, ಕಂಬಕ್ಕೆ ಅಂಟಿಸಿದೆವು. ಟೇಬಲ್ ಜೋಡಿಸಿದಾಗ ಬಿಲ್ ಒಂದಾಗಿಸುವ ಬಟನ್ ಸಪ್ಲೈಯರ್ ಕೈಗೆ ಕೊಟ್ಟೆವು.

ತೀರಿಹೋದ ಐಟಂ ಅಳಿಸುವ ಅಧಿಕಾರ ಅಡುಗೆಯವರದು. ಕೌಂಟರಿನಲ್ಲಿ ಕೂತ ನನಗೆ ಅದು ತಡವಾಗಿ ತಿಳಿಯುತ್ತದೆ. ಕಾಗದದ ಮೆನು ಇಂದಿಗೂ ಇದೆ. ಫೋನ್ ಬೇಡ ಎಂದವರ ಹತ್ತಿರ ಸಪ್ಲೈಯರ್ ಕೇಳಿಕೊಂಡು, ಅದೇ ವ್ಯವಸ್ಥೆಯಲ್ಲಿ ತಾನೇ ಹಾಕುತ್ತಾನೆ.

ನಮ್ಮ ಕೋಡ್ ಮೇಲೆ ಬೇರೆಯವರು ತಮ್ಮ ಕೋಡ್ ಅಂಟಿಸಿ ಗಿರಾಕಿಯ ಹಣ ಹೊಡೆಯಬಹುದು. ಅದಕ್ಕೇ ಬೆಳಿಗ್ಗೆ ಒರೆಸುವಾಗ ಪ್ರತಿ ಸ್ಟಿಕ್ಕರ್ ಅಂಚಿನಲ್ಲಿ ಉಗುರಾಡಿಸಿ ನೋಡುತ್ತೇವೆ, ಆಮೇಲೆ ಒಂದೊಂದನ್ನೂ ನನ್ನ ಫೋನಿನಲ್ಲಿ ಸ್ಕ್ಯಾನ್ ಮಾಡಿಯೇ ಬಾಗಿಲು ತೆರೆಯುತ್ತೇನೆ.