ಧ್ಯಾನದ ಏರಿಳಿತ ಹತೋಟಿಗೆ ಬಂದ ಬಗೆ: ನನ್ನ ಅನುಭವ

ಒಂದು ವಾರ ಆನಂದವೋ ಆನಂದ. ಮುಂದಿನ ವಾರ ಕಾರಣವಿಲ್ಲದ ಅಳು, ಸಿಡುಕು, ಮಂಕು. ದಿನವೂ ಧ್ಯಾನಕ್ಕೆ ಕೂರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನ್ನನ್ನು ಇದು ನಾಲ್ಕೈದು ವರ್ಷ ಕಾಡಿತು. ಈಗ ಒಂದೂವರೆ ವರ್ಷದಿಂದ ಹತೋಟಿಯಲ್ಲಿದೆ. ಭಾನುವಾರ ಮಂಡ್ಯದಿಂದ ರೈಲು ಹತ್ತಿ ಮೈಸೂರಿನ ಸರಸ್ವತಿಪುರಂಗೆ ಹೋಗಿ ಹತ್ತು ಹನ್ನೆರಡು ಮಂದಿಯ ಜೊತೆ ಕೂರುತ್ತೇನೆ. ಅಲ್ಲಿ ನನ್ನ ಕ್ರಮವನ್ನು ಮೊದಲು ಹೇಳಿದಾಗ ಒಬ್ಬರೂ ಒಪ್ಪಲಿಲ್ಲ. ಈಗ ಅವರಲ್ಲೇ ಮೂರ್ನಾಲ್ಕು ಜನ ಅದನ್ನೇ ಹಿಡಿದಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಆಸನ, ಉಸಿರಿನ ಮೇಲೆ ಗಮನ ಇತ್ಯಾದಿ ನಿಮಗೆ ಗೊತ್ತಿರುವ ಸಂಗತಿಗಳು, ಅವನ್ನು ಮುಟ್ಟುವುದಿಲ್ಲ.

ನಾನು ರಕ್ತ ಪರೀಕ್ಷೆಯ ಲ್ಯಾಬ್ ನಡೆಸುವವನು. ಅಳೆಯದೆ ನಂಬುವ ಅಭ್ಯಾಸ ನನಗಿಲ್ಲ. ಹಾಗಾಗಿ ಮೊದಲು ಕೈ ಹಾಕಿದ್ದು ಒತ್ತಡದ ಹಾರ್ಮೋನ್ ಎನ್ನುವ ಕಾರ್ಟಿಸಾಲ್‌ಗೆ. ಮನಸ್ಸು ಹಿಗ್ಗಿದ ದಿನವೂ ಕುಗ್ಗಿದ ದಿನವೂ ನನ್ನದೇ ರಕ್ತ ತೆಗೆದು ಬೆಂಗಳೂರಿಗೆ ಕಳುಹಿಸಿದೆ. ಒಂದೊಂದಕ್ಕೆ ಐನೂರು ಆರುನೂರು ರೂಪಾಯಿ. ಒಟ್ಟು ಹದಿನೈದು ಸಾವಿರದ ಹತ್ತಿರ ಹೋಯಿತು. ಅಂಕಿಗೂ ಮನಸ್ಸಿಗೂ ತಾಳಮೇಳವೇ ಇರಲಿಲ್ಲ. ನಿದ್ದೆಯಿಂದ ಎದ್ದ ಅರ್ಧ ಮುಕ್ಕಾಲು ಗಂಟೆಯೊಳಗೆ ಕಾರ್ಟಿಸಾಲ್ ತಾನಾಗಿಯೇ ಏರಿ, ಆಮೇಲೆ ದಿನವಿಡೀ ಇಳಿಯುತ್ತದೆ. ರಕ್ತ ತೆಗೆಯುವ ಹೊತ್ತು ತುಸು ಆಚೀಚೆಯಾದರೂ ಅಂಕಿ ಬದಲಾಗುತ್ತದೆ. ಧ್ಯಾನದ ಪಾಲು ಎಷ್ಟು, ಗಡಿಯಾರದ ಪಾಲು ಎಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ.

ಮುಂದಿನದು ಹಣೆಗೆ ಕಟ್ಟುವ ಇಇಜಿ ಪಟ್ಟಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಸಾಧನ. ಇಪ್ಪತ್ತೈದು ಸಾವಿರದ ಮೇಲಾಯಿತು. 2004ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ರಿಚರ್ಡ್ ಡೇವಿಡ್‌ಸನ್ ಅವರ ತಂಡ, ಸಾವಿರಾರು ಗಂಟೆ ಧ್ಯಾನ ಮಾಡಿದ್ದ ಬೌದ್ಧ ಸಾಧಕರ ಮಿದುಳಿನಲ್ಲಿ ಗಾಮಾ ಎಂಬ ವೇಗದ ಅಲೆಗಳನ್ನು ಪ್ರಬಲವಾಗಿ ಕಂಡಿತ್ತು. ನನ್ನ ಆನಂದದ ದಿನಗಳಲ್ಲೂ ಗಾಮಾ ಏರಿದ್ದು ಕಂಡು ಹಿರಿಹಿರಿ ಹಿಗ್ಗಿದೆ. ಆದರೆ ಲ್ಯಾಬ್‌ನವನಿಗೆ ಹೋಲಿಸಿ ನೋಡಲು ಕಂಟ್ರೋಲ್ ಇಲ್ಲದ ಪರೀಕ್ಷೆ ಸಮಾಧಾನ ಕೊಡುವುದಿಲ್ಲ. ಒಂದು ಮಧ್ಯಾಹ್ನ ಧ್ಯಾನವನ್ನೇ ಮಾಡದೆ, ಸುಮ್ಮನೆ ಕುಳಿತು ಮುಗುಳ್ನಕ್ಕು ನೋಡಿದೆ. ಗಾಮಾ ಅಷ್ಟೇ ಏರಿತು! ಹಣೆ, ದವಡೆಯ ಸ್ನಾಯುಗಳ ವಿದ್ಯುತ್ತು ಅದೇ ಆವರ್ತನದಲ್ಲಿ ಬಂದು ಬೆರೆಯುತ್ತದೆ. ಪಟ್ಟಿಯನ್ನು ಅರ್ಧ ಬೆಲೆಗೆ ಮಾರಿದೆ. ಈ ಪಟ್ಟಿಗಳನ್ನು ಕೊಳ್ಳಬೇಕೆಂದಿರುವವರು ಮೊದಲು ನಕ್ಕು ಪರೀಕ್ಷಿಸಿ.

ಬಳಿಕ ಒಂದು ಮೌನ ಶಿಬಿರ. ಇಳಿತ ಬಂದಾಗ ಅಲ್ಲಿ ಸಿಕ್ಕ ಉತ್ತರ ‘ಇನ್ನೂ ಹೆಚ್ಚು ಕೂರಿ’ ಎಂಬುದು. ಮನೆಗೆ ಬಂದ ಮೇಲೂ ದಿನಕ್ಕೆ ಮೂರು ಗಂಟೆ ಕುಳಿತೆ. ನಿದ್ದೆ ನಾಲ್ಕೈದು ಗಂಟೆಗೆ ಇಳಿಯಿತು, ಮನಸ್ಸು ಪಾತಾಳಕ್ಕೆ ಹೋಯಿತು. ನಿದ್ದೆಗೆಟ್ಟವರ ಅಮಿಗ್ಡಲಾ (ಭಯದಂಥ ಭಾವಗಳಿಗೆ ಸ್ಪಂದಿಸುವ ಮಿದುಳಿನ ಭಾಗ) ಅಹಿತಕರ ಚಿತ್ರಗಳಿಗೆ ಶೇ. 60ರಷ್ಟು ಹೆಚ್ಚು ಮಿಡಿಯುತ್ತದೆ ಎಂದು ನಿದ್ದೆಯ ಸಂಶೋಧಕ ಮ್ಯಾಥ್ಯೂ ವಾಕರ್ ಅವರ ತಂಡ 2007ರಲ್ಲೇ ತೋರಿಸಿದೆ. ಬ್ರಾಹ್ಮೀ ಮುಹೂರ್ತಕ್ಕೆ ಏಳುತ್ತೇನೆ ಎನ್ನುವವರು ಎಷ್ಟು ಗಂಟೆಗೆ ಮಲಗುತ್ತೇನೆ ಎಂಬುದನ್ನೂ ಹೇಳಬೇಕು.

ದಾರಿ ತೋರಿಸಿದ್ದು ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಜ್ ಅವರು ಕೋತಿಗಳ ಮೇಲೆ ನಡೆಸಿದ ಪ್ರಯೋಗ. ಹಣ್ಣಿನ ರಸ ಅನಿರೀಕ್ಷಿತವಾಗಿ ಸಿಕ್ಕಾಗ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಸೂಸುವ ನರಕೋಶಗಳು ಜೋರಾಗಿ ಮಿಡಿಯುತ್ತವೆ. ನಿರೀಕ್ಷಿಸಿದಷ್ಟೇ ಸಿಕ್ಕರೆ ಸುಮ್ಮನಿರುತ್ತವೆ. ನಿರೀಕ್ಷಿಸಿದ್ದು ಬಾರದೆ ಹೋದರೆ, ಸರಿಯಾಗಿ ಅದು ಬರಬೇಕಿದ್ದ ಕ್ಷಣದಲ್ಲಿ, ಅವುಗಳ ಮಿಡಿತ ಮಾಮೂಲಿಗಿಂತ ಕೆಳಗೆ ಕುಸಿಯುತ್ತದೆ. ಅಂದರೆ ಅವು ಗುರುತಿಸುವುದು ಸಿಕ್ಕಿದ್ದನ್ನಲ್ಲ, ಸಿಕ್ಕಿದ್ದಕ್ಕೂ ನಿರೀಕ್ಷಿಸಿದ್ದಕ್ಕೂ ಇರುವ ಅಂತರವನ್ನು. ಯೋಗನಿದ್ರೆಯಲ್ಲಿರುವವರ ಮಿದುಳಿನಲ್ಲಿ ಬಹುಮಾನಕ್ಕೆ ಸ್ಪಂದಿಸುವ ವೆಂಟ್ರಲ್ ಸ್ಟ್ರಯಾಟಮ್ ಎಂಬ ಭಾಗದಲ್ಲಿ ಡೋಪಮಿನ್ ಶೇ. 65ರಷ್ಟು ಹೆಚ್ಚುತ್ತದೆ ಎಂದು ಡೆನ್ಮಾರ್ಕಿನ ಸಂಶೋಧಕರು 2002ರಲ್ಲಿ ಪೆಟ್ ಸ್ಕ್ಯಾನ್ ಮಾಡಿ ಹೇಳಿದ್ದರು. ಎರಡನ್ನೂ ಕೂಡಿಸಿ ನೋಡಿದಾಗ ನನಗೆ ಹೊಳೆದದ್ದು ಇದು: ಇಳಿತವನ್ನು ಹುಟ್ಟಿಸುತ್ತಿರುವುದು ಏರು. ನಿನ್ನೆ ಬಂದ ಆನಂದ ಇವತ್ತಿನ ನಿರೀಕ್ಷೆಯನ್ನು ಎತ್ತರಿಸಿ ಇಟ್ಟಿರುತ್ತದೆ.

ಡೋಪಮಿನ್ ಅನ್ನು ಮನೆಯಲ್ಲಿ ಅಳೆಯಲಾಗದು, ನಿರೀಕ್ಷೆಯನ್ನು ಅಳೆಯಬಹುದು. ಇಪ್ಪತ್ತು ರೂಪಾಯಿಯ ನೋಟ್‌ಬುಕ್ ತಂದೆ. ಕೂರುವ ಮೊದಲು ಇವತ್ತು ಎಷ್ಟು ಆನಂದ ಬರಬಹುದು ಎಂದು ಹತ್ತಕ್ಕೆ ಒಂದು ಅಂಕ, ಎದ್ದ ಮೇಲೆ ಬಂದದ್ದೆಷ್ಟು ಎಂದು ಇನ್ನೊಂದು. ರಾತ್ರಿ ಊಟದ ಹೊತ್ತಿನ ನನ್ನ ಮನಸ್ಥಿತಿಗೆ ಅಂಕ ಹಾಕುತ್ತಿದ್ದವಳು ನನ್ನ ಹೆಂಡತಿ. ಅವಳು ಬೆಳಗಿನ ಪುಟ ನೋಡುವಂತಿರಲಿಲ್ಲ. ಈ ಏರ್ಪಾಟಿನ ಬಗ್ಗೆ ನನಗೆ ಹೆಮ್ಮೆಯಿದೆ. ಎರಡು ಮೂರು ತಿಂಗಳಲ್ಲಿ ಚಿತ್ರ ಸ್ಪಷ್ಟವಾಯಿತು. ಎಂಟು ಒಂಬತ್ತು ಬಯಸಿ ಆರು ಸಿಕ್ಕ ದಿನ ರಾತ್ರಿ ಮನೆಯಲ್ಲಿ ಸಿಡುಕು. ಮೂರು ಬಯಸಿ ನಾಲ್ಕು ಸಿಕ್ಕ ದಿನ ಮಕ್ಕಳ ಜೊತೆ ಹರಟೆ. ಆರು ಕೆಟ್ಟದ್ದು, ನಾಲ್ಕು ಒಳ್ಳೆಯದು!

ಕ್ರಮ ಬದಲಾಯಿಸಿದೆ. ಆನಂದ ಉಕ್ಕಿದರೂ ಗಂಟೆ ಹೊಡೆದ ತಕ್ಷಣ ಏಳುವುದು, ಒಂದು ನಿಮಿಷವನ್ನೂ ಬೆಳೆಸದಿರುವುದು. ಗಂಟೆ ಯಾವಾಗ ಹೊಡೆಯುತ್ತದೆ ಎಂದು ನನಗೇ ತಿಳಿಯದಂತೆ ಮಗಳ ಕೈಯಲ್ಲಿ ಮೊಬೈಲಿನಲ್ಲಿ ಇಡಿಸಿದೆ. ಎಷ್ಟು ನಿಮಿಷದಿಂದ ಎಷ್ಟು ನಿಮಿಷದೊಳಗೆ, ಯಾವ ಲೆಕ್ಕದಲ್ಲಿ ಎಂಬುದನ್ನು ಇಲ್ಲಿ ಬಿಚ್ಚಿಡುವುದಿಲ್ಲ. ಜೊತೆಯಲ್ಲಿ ಕೂರುವವರಿಗೆ ಹೇಳಿದ್ದೇನೆ. ದೊಡ್ಡ ಆನಂದ ಬಂದ ಮರುದಿನ ಕಣ್ಣು ಮುಚ್ಚುವುದೇ ಇಲ್ಲ. ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಪಾದದ ಕಡೆ ಗಮನವಿಟ್ಟು ನಡೆಯುತ್ತೇನೆ, ಅಷ್ಟೇ.

ಇದನ್ನು ಹೇಳಿದಾಗ ನಮ್ಮ ಗುಂಪಿನ ಹಿರಿಯ ಮೇಷ್ಟ್ರು, “ಬಂದ ಆನಂದವನ್ನು ಬಿಟ್ಟು ಏಳುವುದು ಪಾಯಸ ಬಡಿಸುವಾಗ ಎಲೆ ಬಿಟ್ಟು ಎದ್ದ ಹಾಗಾಯಿತಲ್ಲಪ್ಪ” ಎಂದರು. ಇನ್ನೊಬ್ಬರು, ಇಳಿತ ಹಿಂದಿನ ಕರ್ಮ ಕಳೆಯುವ ಬಗೆ, ಅನುಭವಿಸಲೇಬೇಕು ಎಂದರು. ನಾನು ಒಪ್ಪಲಿಲ್ಲ. ಚಿತ್ತ ಚದುರಿದಾಗ ದುಃಖ, ದೌರ್ಮನಸ್ಯ, ಮೈನಡುಕ, ಉಸಿರಿನ ಏರುಪೇರು ಜೊತೆಗೂಡಿ ಬರುತ್ತವೆ ಎಂದು ಪತಂಜಲಿಯೇ ಹೇಳಿ, ಅವನ್ನು ತಡೆಯಲು ಅಭ್ಯಾಸವನ್ನೂ ಹೇಳಿದ್ದಾನೆ. 2017ರಲ್ಲಿ ಅಮೆರಿಕದ ವಿಲೋಬಿ ಬ್ರಿಟನ್ ಮತ್ತು ಜೊತೆಗಾರರು ಸಾಧಕರನ್ನು ಮಾತನಾಡಿಸಿ, ಧ್ಯಾನದಲ್ಲಿ ಬರುವ ಅನುಭವಗಳನ್ನು 59 ಬಗೆಯಾಗಿ ವಿಂಗಡಿಸಿದರು. ಭಯ, ಮಂಕು, ಅತಿಯಾದ ಹಿಗ್ಗು ಎಲ್ಲವೂ ಅದರಲ್ಲಿವೆ. ಆರು ತಿಂಗಳ ನಂತರ ಮೇಷ್ಟ್ರೇ ಒಂದು ನೋಟ್‌ಬುಕ್ ಕೇಳಿ ಪಡೆದರು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಎದೆಗೆ ಕಟ್ಟುವ ನಾಡಿ ಪಟ್ಟಿಗೆ ಆರೇಳು ಸಾವಿರ ಕೊಟ್ಟೆ. ವ್ಯರ್ಥವಾಗದ ಹಣ ಅದೊಂದೇ. ಲ್ಯಾಟಿನ್ ಜಪಮಾಲೆಯ ಪ್ರಾರ್ಥನೆಯೂ ನಮ್ಮ ಕಡೆಯ ಮಂತ್ರವೂ ಉಸಿರನ್ನು ನಿಮಿಷಕ್ಕೆ ಸುಮಾರು ಆರಕ್ಕೆ ತರುತ್ತವೆ ಎಂದು 2001ರಲ್ಲಿ ಇಟಲಿಯ ಲುಚಿಯಾನೊ ಬರ್ನಾರ್ಡಿ ಅವರ ತಂಡ ತೋರಿಸಿತ್ತು. ಆ ವೇಗದಲ್ಲಿ ರಕ್ತದೊತ್ತಡದ ಅಲೆಯೂ ಹೃದಯ ಬಡಿತದ ಅಲೆಯೂ ಹೊಂದಿಕೊಳ್ಳುತ್ತವೆ. ವಿಷ್ಣು ಸಹಸ್ರನಾಮ ಹೇಳಿ ನೋಡಿದೆ, ನನ್ನ ಓಟಕ್ಕೆ ಹೊಂದಲಿಲ್ಲ. ಹತ್ತು ಸೆಕೆಂಡಿಗೊಂದು ಓಂಕಾರ ಸರಿಹೋಯಿತು. ಇಳಿತದ ದಿನ ಐದು ನಿಮಿಷ ಅದನ್ನು ಮಾಡಿದರೆ ಪಟ್ಟಿಯ ರೇಖೆ ನುಣುಪಾದ ಅಲೆಯಾಗುತ್ತದೆ. ಬೋಗುಣಿಯ ತಣ್ಣೀರಿನಲ್ಲಿ ಮುಖ ಅದ್ದಿದರೆ ನಾಡಿ ಎಪ್ಪತ್ತೈದರಿಂದ ಅರವತ್ತರ ಹತ್ತಿರಕ್ಕೆ ಬರುತ್ತಿತ್ತು; ಆದರೆ ಮನಸ್ಸಿನ ಅಂಕ ಕದಲಲಿಲ್ಲ, ಬಿಟ್ಟೆ. ಕಾಫಿಯ ವಿಷಯ ಮಾತ್ರ ಎಲ್ಲರೂ ಗಮನಿಸಬೇಕು. ಹಲವು ಶಿಬಿರಗಳಲ್ಲಿ ಕಾಫಿ ಇರುವುದಿಲ್ಲ. ಬಿಟ್ಟ ಮರುದಿನ, ಮೂರನೆಯ ದಿನ ತಲೆನೋವು, ಮಂಕು ಬರುವುದು ಕಾಫಿಯಲ್ಲಿರುವ ಕೆಫೀನ್ ನಿಂತ ಕಾರಣಕ್ಕೆ; ಅದನ್ನು ಸಾಧನೆಯ ಘಟ್ಟವೆಂದು ಬಗೆಯುವವರನ್ನು ನಾನು ಕಂಡಿದ್ದೇನೆ. ಧ್ಯಾನ ಮಾಡದೆ ಕಾಫಿಯನ್ನಷ್ಟೇ ಬಿಟ್ಟು ನೋಡಿದೆ. ಅದೇ ಮಂಕು ಅದೇ ದಿನಗಳಲ್ಲಿ ಬಂತು.

ಇಳಿತ ಎರಡು ವಾರ ದಾಟಿದರೆ, ಹಸಿವು ನಿದ್ದೆ ಹೋದರೆ, ಸಾಯುವ ಯೋಚನೆ ಬಂದರೆ ನೋಟ್‌ಬುಕ್ ಬದಿಗಿಟ್ಟು ಮನೋವೈದ್ಯರನ್ನು ಕಾಣಬೇಕು. ಥೈರಾಯ್ಡ್, ಬಿ12 ಪರೀಕ್ಷೆಯೂ ಆಗಲಿ, ಅದರಲ್ಲೂ ಸಸ್ಯಾಹಾರಿಗಳಿಗೆ ಬಿ12. ನಮ್ಮ ಗುಂಪಿನ ಅಕ್ಕನೊಬ್ಬರ ನೋಟ್‌ಬುಕ್ ನನ್ನ ಲೆಕ್ಕಕ್ಕೆ ಬಗ್ಗಲೇ ಇಲ್ಲ. ನಿರೀಕ್ಷೆಯ ಅಂಕ ಯಾವಾಗಲೂ ಎರಡು ಮೂರು, ಆದರೂ ಸಂಜೆ ಕುಸಿತ. ಒತ್ತಾಯ ಮಾಡಿ ರಕ್ತ ತೆಗೆದರೆ ಥೈರಾಯ್ಡ್ ಕುಂದಿದಾಗ ಏರುವ ಟಿಎಸ್ಎಚ್ ಹಾರ್ಮೋನ್ ಹೆಚ್ಚಿತ್ತು. ವೈದ್ಯರು ಮಾತ್ರೆ ಶುರು ಮಾಡಿದ್ದಾರೆ. ಆರರಿಂದ ಎಂಟು ವಾರ ಕಳೆದು ಮತ್ತೆ ಪರೀಕ್ಷೆ. ಅಲ್ಲಿಯವರೆಗೂ ಆ ಅಕ್ಕನ ಅಂಕಗಳನ್ನು ಉಳಿದವರ ಅಂಕಗಳ ಜೊತೆ ಸೇರಿಸುವುದಿಲ್ಲ.