ವುಶು ನನ್ನನ್ನು ಹಿಡಿದಿಟ್ಟದ್ದು ಹೇಗೆ: ನನ್ನ ಅನುಭವ

ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ತೊಗರಿ ಸುಗ್ಗಿಯಲ್ಲಿ ಕೆಲಸ ಮುಗಿಯುವಾಗ ಕತ್ತಲಾಗಿರುತ್ತದೆ. ಬಸ್ಸಿಳಿದು ಮನೆಯವರೆಗೆ ಒಬ್ಬಳೇ ನಡೆಯಬೇಕು. ಆ ಭಯಕ್ಕೇ ನಾನು ವುಶು ಎಂಬ ಚೀನೀ ಸಮರಕಲೆಯ ತರಗತಿಗೆ ಸೇರಿದ್ದು.

ಸುಗ್ಗಿ ಮುಗಿಯಿತು, ಬೆಳಕಿರುವಾಗಲೇ ಮನೆ ಸೇರತೊಡಗಿದೆ. ಭಯ ಕಡಿಮೆಯಾದ ಮೇಲೆ ನಸುಕಿನಲ್ಲಿ ಏಳೋದು ಯಾಕೆ ಅನಿಸಿತು. ನನ್ನ ಜೊತೆ ಸೇರಿದ್ದವರು ಜಾಸ್ತಿ ಬಿಟ್ಟದ್ದು ಇಂಥ ಹೊತ್ತಿನಲ್ಲೇ. ಸೇರಲು ಒಂದು ಕಾರಣ ಸಾಕು, ಉಳಿಯಲು ಬೇರೆಯದೇ ಬೇಕು.

ನನಗೆ ಅದು ಸಿಕ್ಕಿದ್ದು ಮಾ ಬು ನಿಲುವಿನಲ್ಲಿ. ಕುದುರೆ ಏರಿದವರಂತೆ ಕಾಲು ಅಗಲಿಸಿ, ತೊಡೆ ನೆಲಕ್ಕೆ ಸಮನಾಗುವಷ್ಟು ಇಳಿದು, ಬೆನ್ನು ನೆಟ್ಟಗಿಟ್ಟು ನಿಲ್ಲಬೇಕು. ಸ್ವಲ್ಪ ಹೊತ್ತಿಗೇ ತೊಡೆ ನಡುಗುತ್ತದೆ. "ಅಕ್ಕಾ, ಹಿಂಗ ಎಷ್ಟೊತ್ತ ನಿಂದ್ರೋದು? ಹೊಡೆಯೋದು ಯಾವಾಗ ಕಲಸ್ತೀರಿ?" ಅಂತ ಈಗ ನಾನು ಕಲಿಸುವ ಮಕ್ಕಳು ನನ್ನನ್ನು ಕೇಳುತ್ತಾರೆ. ನಾನು ಆಗ ಒಂದು ನೋಟ್‌ಬುಕ್ ಇಟ್ಟೆ. ಇವತ್ತು ಎಷ್ಟು ಹೊತ್ತು ನಿಂತೆ, ಮೊದಲು ನಡುಗಿದ್ದು ಯಾವ ಕಾಲು, ಬರೆಯುತ್ತಾ ಹೋದೆ. ಎಡಗಾಲು ನಿಧಾನಕ್ಕೆ ಬಲಗಾಲಿಗೆ ಸಮ ಬರುವುದು ಪುಟದಲ್ಲೇ ಕಂಡಿತು. ಆ ಖುಷಿಗೆ ಮತ್ತೆ ಮರುದಿನ ಎದ್ದೆ.

ವುಶುವಿನಲ್ಲಿ ಎರಡು ದಾರಿ. ತಾಓಲು ಅಂದರೆ ಒಬ್ಬರೇ ಮಾಡುವ ಚಲನೆಗಳ ಸಾಲು. ಸಾಂಡಾ ಅಂದರೆ ಎದುರಾಳಿಯೊಂದಿಗೆ ಸೆಣಸಾಟ: ಗುದ್ದು, ಒದೆ, ಎತ್ತಿ ಕೆಡಹುವುದು. ಎರಡು ನಿಮಿಷದ ಸುತ್ತು, ಮೂರರಲ್ಲಿ ಎರಡು ಗೆದ್ದವರಿಗೆ ಪಂದ್ಯ. ತಾಲೀಮಿನಲ್ಲಿ ಕುಸ್ತಿ ಆಡಿ ಬಂದ ನಮ್ಮ ಕಡೆಯ ಹುಡುಗರಿಗೆ ಕೆಡಹುವ ಪಟ್ಟುಗಳು ಬೇಗ ಕೈಗೆ ಹತ್ತುತ್ತವೆ. ಅವರನ್ನು ಹಿಡಿದಿಡುವುದು ಅದೇ: ಮೊದಲೇ ಬಲ್ಲದ್ದಕ್ಕೆ ಇಲ್ಲಿ ಬೆಲೆ ಸಿಕ್ಕಿತಲ್ಲ ಅನ್ನುವ ಹೆಮ್ಮೆ. ಹುಡುಗಿಯರಿಗೆ ನಾನು ಮಣಿಪುರದ ರೋಶಿಬಿನಾ ದೇವಿಯ ವಿಷಯ ಹೇಳುತ್ತೇನೆ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸಾಂಡಾ 60 ಕೆ.ಜಿ. ವಿಭಾಗದ ಬೆಳ್ಳಿ ಆಕೆಯದು. ಕೇಳುವಾಗ ಅವರ ಕಣ್ಣು ಅರಳುತ್ತದೆ. ಆದರೆ ಪದಕದ ಆಸೆಯೊಂದನ್ನೇ ನೆಚ್ಚಿದವರು ಮೊದಲ ಸೋಲಿಗೇ ಮನೆ ಸೇರುವುದನ್ನು ನೋಡಿದ್ದೇನೆ. ಸಂಕಟವಾಗುತ್ತದೆ.

ನನ್ನ ಅವ್ವನಂಥವರಿಗೆ ಇದೆಲ್ಲ ಬೇಡ. ಚೀನಾದಲ್ಲಿ 1956ರಲ್ಲಿ ಸರಳಗೊಳಿಸಿದ 24 ಚಲನೆಗಳ ತಾಯ್ ಚಿ, ಅಂದರೆ ನಿಧಾನವಾಗಿ ಮಾಡುವ ವುಶು, ಐದಾರು ನಿಮಿಷದಲ್ಲಿ ಮುಗಿಯುತ್ತದೆ. ಅವ್ವ ಅದರಲ್ಲಿ ಅರ್ಧದಷ್ಟು ಕಲಿತಿದ್ದಾಳೆ. ಅಂಗಳದಲ್ಲಿ ದಿನಾ ಮಾಡುತ್ತಾಳೆ. ಈಗ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯೋದಿಲ್ಲ.

ಎಲ್ಲಕ್ಕಿಂತ ಗಟ್ಟಿ ಕಾರಣ ಜೊತೆಗಾತಿ. ನಮ್ಮ ಓಣಿಯ ಗೆಳತಿ ನಸುಕಿಗೆ ಮಿಸ್ಡ್ ಕಾಲ್ ಕೊಡುತ್ತಾಳೆ, ನಾನು ತಿರುಗಿ ಕೊಡದಿದ್ದರೆ ಬಾಗಿಲಿಗೇ ಬರುತ್ತಾಳೆ. "ಎದ್ದೀ ಇಲ್ಲ?" ಅನ್ನುವ ಆ ದನಿಗೆ ಎಂಥ ಸೋಮಾರಿತನವೂ ಓಡುತ್ತದೆ. ಅದಕ್ಕೇ ಈಗ ಹೊಸಬರು ಬಂದರೆ, ಮೊದಲ ವಾರವೇ ಅವರವರ ಓಣಿಯವರನ್ನು ನೋಡಿ ಜೋಡಿ ಮಾಡುತ್ತೇನೆ. ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಆಗ ಸೂರ್ಯ ಹುಟ್ಟುವ ಮೊದಲೇ ಅರ್ಧ ಗಂಟೆ ಮಾತ್ರ ಅಭ್ಯಾಸ, ಬರೀ ನಿಲುವು ಮತ್ತು ತಾಓಲು. ರಜೆ ಮಾತ್ರ ಕೊಡುವುದಿಲ್ಲ.