ಒಂದೇ ಕೊರಡಿನಲ್ಲಿ ಒರಲೆಯೂ ಜೀರುಂಡೆಯೂ

ಬದಿಯಡ್ಕದ ನಮ್ಮ ತೋಟದ ಅಂಚಿನಲ್ಲಿ ಹಳೆಯ ಮಾವಿನ ಮರ ಬಿದ್ದು ಎರಡು ಮಳೆಗಾಲ ಕಳೆದಿತ್ತು. ತೊಗಟೆಯ ಮೇಲೆಲ್ಲ ಗೆದ್ದಲು, ನಮ್ಮ ಮಾತಿನಲ್ಲಿ ಒರಲೆ, ಮೆತ್ತಿದ ಮಣ್ಣು. ಒಂದು ಬದಿಯಲ್ಲಿ ಮರದಷ್ಟೇ ಗಟ್ಟಿಯಾದ ಕಂದು ಅಣಬೆ, ಅದರ ಅಡಿಯಿಂದ ಸಣ್ಣಗೆ ಹುಡಿ ಉದುರುತ್ತಿತ್ತು. "ಅದೂ ಒರಲೆಯೇ, ಮದ್ದು ಬಿಡು" ಎಂದರು ಅಪ್ಪ. ನನಗೆ ಅನುಮಾನ. ತೊಗಟೆಯ ಮೇಲಿನ ಈ ಒರಲೆ ಹೋದಲ್ಲೆಲ್ಲ ಮಣ್ಣು ಇರುತ್ತದೆ, ಇಲ್ಲಿ ಬರೀ ಒಣ ಹುಡಿ ಅಲ್ವಾ?

ಅಣಬೆಯನ್ನು ಕತ್ತಿಯಲ್ಲಿ ಕೊಯ್ದು ತಂದು ಹಳೆಯ ಕ್ಯಾಲೆಂಡರಿನ ಬಿಳಿ ಹಿಂಬದಿಯ ಮೇಲೆ ಮುರಿದೆ. ಒಳಗೆಲ್ಲ ತೂತು. ಎಳ್ಳಿನಷ್ಟು ಚಿಕ್ಕ ಕಂದು ಹುಳುಗಳು ಉದುರಿದವು, ಬೆರಳು ತಾಗಿದರೆ ಕಾಲು ಮಡಚಿ ಸತ್ತಂತೆ ಬೀಳುತ್ತಿದ್ದವು. 10 ಪಟ್ಟಿನ ಲೆನ್ಸ್ ಹಿಡಿದರೆ ಬೆನ್ನ ಮೇಲೆ ಎರಡು ಗಟ್ಟಿ ರೆಕ್ಕೆ, ನಡುವೆ ನೇರ ಗೆರೆ, ಮೀಸೆಯ ತುದಿ ಉಬ್ಬಿದ್ದು. ತೆಂಗಿಗೆ ಬರುವ ಕುರುವಾಯಿಯ ದೂರದ ಬಳಗವೇ, ಅಂದರೆ ಜೀರುಂಡೆ. ಪಕ್ಕದಲ್ಲಿ ಗೆದ್ದಲನ್ನು ಇಟ್ಟು ನೋಡಿದೆ: ಮೈ ಮೆತ್ತಗೆ, ಬಿಳಿಚು, ಮೀಸೆ ಮಣಿ ಪೋಣಿಸಿದ ಹಾಗೆ.

ಎರಡನ್ನೂ ಬೇರೆ ಬೇರೆ ಬಾಟಲಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿದೆ. ಗೆದ್ದಲು ಮರುದಿನಕ್ಕೇ ಸತ್ತವು, ತೆಳು ಚರ್ಮ ನೋಡಿ, ಗೂಡಿನ ತೇವ ತಪ್ಪಿದರೆ ಬೇಗ ಒಣಗುತ್ತವೆ. ಜೀರುಂಡೆಗಳು ಅಣಬೆಯ ತುಂಡಿನಲ್ಲೇ ಆರಾಮಾಗಿದ್ದವು. ಕೆಲವು ವಾರ ಬಿಟ್ಟು ತುಂಡು ಸೀಳಿದಾಗ ಬಿಳಿ ಮರಿಹುಳು, ಮರಿ ದೊಡ್ಡ ಹುಳುವಾಗುವ ಮುಂಚಿನ ಅಲುಗಾಡದ ಕೋಶ, ಎಲ್ಲವೂ ಸಿಕ್ಕವು. ಗೆದ್ದಲಿಗೆ ಈ ಕೋಶದ ಹಂತವೇ ಇಲ್ಲ, ಮರಿಯೂ ನೋಡಲು ದೊಡ್ಡದರಂತೆಯೇ. ಅದು ಜಿರಳೆಯ ಸಂಬಂಧಿ ಎಂದು ಓದಿದ ಮೇಲೆ ಮನಸ್ಸಿಗೆ ಹಿಡಿಸಿತು.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಬೇರೆಯೇ. ಅಡಿಕೆ ಸಸಿಗೆ ಗುಂಡಿ ತೋಡುವಾಗ ಗೆದ್ದಲಿನ ಗೂಡಿನೊಳಗೆ ಸ್ಪಂಜಿನಂಥ ಬೂದು ಮುದ್ದೆ ಸಿಕ್ಕಿತು, ಅದರ ತುಂಬ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆಗಳು. ಅದೂ ಅಣಬೆಯೇ! ಹುತ್ತ ಕಟ್ಟುವ ನಮ್ಮ ಗೆದ್ದಲು ಮರವನ್ನು ತಿಂದು, ತನ್ನ ಹಿಕ್ಕೆಯಿಂದಲೇ ಆ ಮುದ್ದೆ ಕಟ್ಟಿ, ಅದರಲ್ಲಿ ಶಿಲೀಂಧ್ರ ಬೆಳೆಸಿ, ಅದು ಹದ ಮಾಡಿಕೊಟ್ಟದ್ದನ್ನು ಮತ್ತೆ ತಿನ್ನುತ್ತದೆ. ಮಳೆ ಬಂದಾಗ ಹುತ್ತದ ಬಳಿ ಏಳುವ, ನಾವು ಸಾರು ಮಾಡುವ ಅಣಬೆ ಈ ಬೇಸಾಯದ್ದೇ. ನನ್ನ ಬಾಟಲಿಯ ಈ ಜೀರುಂಡೆಯಾದರೋ ಬೇಸಾಯ ಮಾಡುವುದಿಲ್ಲ. ತಾನಾಗಿ ಬೆಳೆದ ಅಣಬೆ ಹುಡುಕಿ ಅದರೊಳಗೇ ಮನೆ ಮಾಡುತ್ತದೆ. ಗೆದ್ದಲಿಗಿರುವಂತೆ ರಾಣಿಯಿಲ್ಲ, ಸೈನಿಕರಿಲ್ಲ.

ಕೊರಡಿಗೆ ಮದ್ದು ಬಿಡಲಿಲ್ಲ. ಕೊಟ್ಟಿಗೆಯ ಪಕಾಸಿನತ್ತ ಏರುತ್ತಿದ್ದ ಮಣ್ಣಿನ ದಾರಿಯನ್ನು ಮಾತ್ರ ಕೆರೆದು ತೆಗೆದೆ, ಬಾಟಲಿಯ ಜೀರುಂಡೆಗಳನ್ನು ಅದೇ ಅಣಬೆಯ ಮೇಲೆ ಸುರಿದು ಬಂದೆ.